ಕೆಳಗೆ ನಿಲ್ಲುವವನು

ಬೆಳಿಗ್ಗೆ ಏಳು ನಲವತ್ತಕ್ಕೆ ಠಾಣೆಯ ಮೆಟ್ಟಿಲು ಹತ್ತಿ ಬಂದವನ ಹೆಗಲ ಮೇಲೆ ಒಂದು ಗೋಣಿಚೀಲವಿತ್ತು. ಅವನು ನಮಸ್ಕಾರವನ್ನೂ ಹೇಳದೆ ಚೀಲವನ್ನು ದಫೇದಾರರ ಮೇಜಿನ ಮೇಲೆ ಬೋರಲು ಹಾಕಿದ. ಹಳದಿ, ಕಿತ್ತಳೆ ಬಣ್ಣದ ಹಗ್ಗದ ತುಂಡುಗಳು ಕೋಳಿಯ ಕರುಳಿನ ಹಾಗೆ ಹೊರಗೆ ಸುರಿದವು.

"ನನ್ನನ್ನ ಕೊಲ್ಲೋಕೆ ನೋಡಿದ್ದಾರೆ. ಬರ್ಕೊಳ್ಳಿ."

ದಫೇದಾರರಿಗೆ ನಿವೃತ್ತಿಗೆ ಎರಡು ವರ್ಷ ಬಾಕಿ. ಅವರು ಟೀ ಲೋಟವನ್ನು ಹಗ್ಗದ ರಾಶಿಯಿಂದ ಪಾರುಮಾಡಿ ಪಕ್ಕಕ್ಕಿಟ್ಟರು. "ಹಗ್ಗ ಕತ್ತರಿಸಿದ್ರೆ ಕೊಲೆ ಹೇಗಪ್ಪಾ ಆಗುತ್ತೆ?"

"ನಾನು ನೇತಾಡೋದು ಅದರಲ್ಲೇ ಸಾರ್."

ಒಳಗಿನ ಕೋಣೆಯಿಂದ ಇನ್‌ಸ್ಪೆಕ್ಟರ್ ಹೊರಗೆ ಬಂದಳು. ಈ ಠಾಣೆಗೆ ಅವಳು ವರ್ಗವಾಗಿ ಬಂದು ಆರು ತಿಂಗಳಾಗಿತ್ತು. ಎದುರಿಗೆ ನಿಂತವನನ್ನು ಅವಳು ಮೊದಲೇ ನೋಡಿದ್ದಳು, ಆದರೆ ಯಾವಾಗಲೂ ತಲೆಯೆತ್ತಿ. ಬೀದಿಯ ದೊಡ್ಡ ಮರಗಳಲ್ಲಿ ಒಣಗಿದ ಕೊಂಬೆ, ತಂತಿಗೆ ತಾಗುವ ಟೊಂಗೆ ಏನೇ ಇರಲಿ, ಇವನು ಹತ್ತಿ ಕೊಯ್ದು ಹಗ್ಗದಲ್ಲಿ ಕಟ್ಟಿ ಮೆಲ್ಲಗೆ ಕೆಳಗಿಳಿಸುತ್ತಿದ್ದ. ಊರೆಲ್ಲ ಅವನನ್ನು ಕರೆಯುತ್ತಿದ್ದದ್ದು 'ಅಳಿಲು' ಎಂದು. ತಾಯಿ ತಂದೆ ಇಟ್ಟ ಹೆಸರು ಎಫ್‌ಐಆರ್‌ನಲ್ಲಿ ಒಮ್ಮೆ ದಾಖಲಾಯಿತು. ಆಮೇಲೆ ಠಾಣೆಯಲ್ಲೂ ಅವನು ಅಳಿಲೇ.

"ಯಾರ ಮೇಲೆ ಅನುಮಾನ?"

"ಕ್ರೇನ್ ಯಜಮಾನನ ಮೇಲೆ. ಆಸ್ಪತ್ರೆ ಹಿಂದಿನ ಮುದಿ ಮರದ ಕೆಲಸ ನನಗೆ ಸಿಕ್ಕಿದೆ. ಆ ಓಣಿಗೆ ಅವನ ಕ್ರೇನ್ ನುಗ್ಗಲ್ಲ. ಇವತ್ತು ಹತ್ತಬೇಕಿತ್ತು ನಾನು."

"ಈ ತುಂಡುಗಳನ್ನ ಬಾಚಿ ತಂದವರು ಯಾರು?"

"ನಾನೇ."

"ಇನ್ನು ಮೇಲೆ ಏನನ್ನೂ ಮುಟ್ಟಬೇಡಿ," ಎಂದು ಇನ್‌ಸ್ಪೆಕ್ಟರ್ ಟೋಪಿ ಎತ್ತಿಕೊಂಡಳು. ಕೊಲೆ ಯತ್ನದ ಕಲಮಿನಡಿ ಪ್ರಕರಣ ದಾಖಲಾದಾಗ ಎಂಟು ಹದಿನೈದು.

ಸಲಕರಣೆಗಳ ಕೊಠಡಿ ಅಳಿಲಿನ ಮನೆಯ ಹಿಂಭಾಗದಲ್ಲಿತ್ತು. ತಗಡಿನ ಬಾಗಿಲು, ಒಡೆದ ಬೀಗ. ಅಕ್ಕಪಕ್ಕದ ಇಬ್ಬರನ್ನು ಪಂಚರಾಗಿ ಕರೆಸಿ ಪಂಚನಾಮೆ ಶುರುವಾಯಿತು. ಗೋಡೆಯ ಮೊಳೆಗಳಲ್ಲಿ ಪ್ರತಿಯೊಂದು ವಸ್ತುವೂ ತನ್ನ ಜಾಗದಲ್ಲಿತ್ತು: ಕಿವಿ ಮುಚ್ಚುವ ಹೆಲ್ಮೆಟ್‌ಗಳು, ಬಾಗಿದ ಕೈಗರಗಸಗಳು, ಕೊಂಬೆ ಇಳಿಸುವ ರಾಟೆಗಳು, ಉಕ್ಕಿನ ಕೊಕ್ಕೆಗಳು. ಕೆಳಗೆ ಹಲಗೆಯ ಮೇಲೆ ಯಂತ್ರದ ಗರಗಸಗಳು ಎಣ್ಣೆ ಒರೆಸಿಕೊಂಡು ಕೂತಿದ್ದವು. ಕದ್ದು ಮಾರಿದರೆ ಬೆಲೆ ಬಾಳುವ ವಸ್ತುಗಳು ಅವೇ. ಅವನ್ನು ಯಾರೂ ಮುಟ್ಟಿರಲಿಲ್ಲ.

ಹಾಳಾಗಿದ್ದದ್ದು ಮನುಷ್ಯನನ್ನು ಹೊರುವ ಹಗ್ಗಗಳು, ಮತ್ತು ಸೊಂಟಕ್ಕೂ ತೊಡೆಗೂ ಬಿಗಿಯುವ ಪಟ್ಟಿ. ಪಟ್ಟಿಯನ್ನು ಮೂರು ಕಡೆ ಕೊಯ್ದಿದ್ದರು. ಹಗ್ಗದ ಯಾವ ತುಂಡೂ ಒಂದು ಮಾರಿಗಿಂತ ಉದ್ದವಿರಲಿಲ್ಲ. ಮೂಲೆಯಲ್ಲಿ ಅದೇ ಬಣ್ಣದ, ಅದೇ ದಪ್ಪದ ಇನ್ನೊಂದು ಹಗ್ಗ ಸುರುಳಿ ಸುತ್ತಿ ಅಚ್ಚುಕಟ್ಟಾಗಿ ಬಿದ್ದಿತ್ತು.

"ಇದನ್ನ ಯಾಕೆ ಬಿಟ್ಟಿದ್ದಾರೆ?"

ಬಾಗಿಲ ಬಳಿ ನಿಂತಿದ್ದ ದಪ್ಪ ಭುಜದ ಮನುಷ್ಯ ಉತ್ತರಿಸಿದ. "ಅದು ಕೊಂಬೆ ಇಳಿಸೋ ಹಗ್ಗ ಮೇಡಂ. ಅದರಲ್ಲಿ ಆಳು ಹತ್ತಲ್ಲ."

ಅವನು ಅಳಿಲಿನ ಹೆಂಡತಿಯ ಅಣ್ಣ. ಅಳಿಲು ಮರ ಹತ್ತಿದರೆ ಇವನು ಕೆಳಗೆ ಹಗ್ಗ ಹಿಡಿದು ನಿಲ್ಲುತ್ತಿದ್ದ. ಬೆಳಗಿನಿಂದ ಸಂಜೆಯವರೆಗೆ ನಿಂತ ಜಾಗ ಬಿಟ್ಟು ಕದಲದ ಇವನನ್ನು ಜನ 'ಗೂಟ' ಎನ್ನುತ್ತಿದ್ದರು. ಊಟಕ್ಕೆ ತಂಗಿಯ ಮನೆ, ಮಲಗಲು ಮೇಲಿನ ಕೋಣೆ.

ಇನ್‌ಸ್ಪೆಕ್ಟರ್ ಠಾಣೆಯಿಂದ ತಂದಿದ್ದ ಗೋಣಿಚೀಲದಿಂದ ಒಂದು ತುಂಡನ್ನು ಕೈಗೆತ್ತಿಕೊಂಡಾಗ ತುದಿ ಬೆರಳಿಗೆ ಚುಚ್ಚಿತು. ಅದು ಗಾಜಿನ ಹಾಗೆ ಗಟ್ಟಿಯಾಗಿ, ಕಪ್ಪಾಗಿತ್ತು. ಇನ್ನೊಂದು ತುಂಡೂ ಹಾಗೇ ಇತ್ತು.

"ಈ ತುದಿ ಯಾಕೆ ಹೀಗಿದೆ?"

"ಕತ್ತರಿಸಿದ ಮೇಲೆ ಲೈಟರ್‌ನಲ್ಲಿ ಸುಡಬೇಕು ಮೇಡಂ," ಎಂದ ಗೂಟ. "ಇಲ್ಲಾಂದ್ರೆ ನೂಲು ಬಿಚ್ಚಿಕೊಂಡು..." ಅಲ್ಲಿಗೆ ಅವನ ಮಾತು ನಿಂತಿತು. ಅಳಿಲು ಹೊರಗೆ ಪಂಚರ ಮುಂದೆ ಕ್ರೇನ್ ಯಜಮಾನನ ಏಳು ತಲೆಮಾರನ್ನು ಬೈಯುತ್ತಿದ್ದ, ಕೇಳಿಸಿಕೊಳ್ಳಲಿಲ್ಲ. ಇನ್‌ಸ್ಪೆಕ್ಟರ್ ತುಂಡನ್ನು ಚೀಲಕ್ಕೆ ಹಾಕಿ ಮೊಹರು ಮಾಡಿಸಿದಳು. ಗೂಟನ ಕಡೆ ಮತ್ತೆ ನೋಡಲಿಲ್ಲ.

ದೂರಿನಲ್ಲಿ ಹೆಸರು ಬಂದಮೇಲೆ ವಿಚಾರಿಸದೆ ಬಿಡುವಂತಿಲ್ಲ. ಹನ್ನೊಂದು ಗಂಟೆಗೆ ಕ್ರೇನ್ ಯಜಮಾನ ಠಾಣೆಗೆ ಬಂದ. ಕೂತರೆ ಕುರ್ಚಿ ನರಳುವಂಥ ಆಳು.

"ನಿನ್ನೆ ಎಲ್ಲಿದ್ರಿ?"

"ಬಂದರಿನಲ್ಲಿ, ಕ್ರೇನ್ ಮೇಲೆ. ಮೂವತ್ತು ಜನ ನೋಡಿದ್ದಾರೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತಲ್ಲ ಮೇಡಂ ನನ್ನ ಕತೆ."

"ಅವರ ಮೇಲೆ ಸಿಟ್ಟಿದೆಯಾ?"

"ಇದೆ. ಆದ್ರೆ ನಾನಾಗಿದ್ರೆ ಗರಗಸ ಹೊತ್ಕೊಂಡು ಹೋಗ್ತಿದ್ದೆ, ಕೂತ್ಕೊಂಡು ಹಗ್ಗ ಹೆಚ್ಚುತ್ತಿರಲಿಲ್ಲ."

ಅವನು ಹೋದಮೇಲೆ ದಫೇದಾರರು ಕನ್ನಡಕ ಒರೆಸಿದರು. "ಒಂದು ಮಾತು ಮೇಡಂ. ಸಾಯಿಸಬೇಕು ಅನ್ನೋನು ಅರ್ಧ ಕೊಯ್ದು, ಕಾಣದ ಹಾಗೆ ಸುತ್ತಿಡ್ತಾನೆ. ಇವನು ಪೂರ್ತಿ ಕತ್ತರಿಸಿ ಕಣ್ಣಿಗೆ ರಾಚೋ ಹಾಗೆ ಬಿಟ್ಟಿದ್ದಾನೆ. ಯಾವ ಹುಚ್ಚ ತಾನೇ ಆ ಹಗ್ಗದಲ್ಲಿ ಹತ್ತುತ್ತಾನೆ?"

"ಯಾರೂ ಹತ್ತಬಾರದು ಅಂತಲೇ ಕತ್ತರಿಸಿದ್ದಾನೆ ದಫೇದಾರ್ರೇ. ಯಾವ ಹಗ್ಗದಲ್ಲಿ ಆಳು ಹತ್ತುತ್ತಾನೆ, ಯಾವುದರಲ್ಲಿ ಇಲ್ಲ ಅನ್ನೋದು ಅವನಿಗೆ ಗೊತ್ತು. ಕತ್ತರಿಸಿದ ತುದಿ ಸುಡದೆ ಬಿಡೋಕೂ ಅವನ ಕೈಲಿ ಆಗಿಲ್ಲ."

ದಫೇದಾರರು ಕನ್ನಡಕವನ್ನು ಮೂಗಿಗೇರಿಸಿದರು. "ಅವನ ಭಾವನಾ?" ಎಂದು ಮೆಲ್ಲಗೆ ಕೇಳಿದರು.

ಮಧ್ಯಾಹ್ನ ಮೂರಕ್ಕೆ ಗೂಟ ಬಂದ. ಕರೆಯಲು ಹೋದ ಪೇದೆ ಬಾಗಿಲು ಬಡಿಯುವ ಮೊದಲೇ ಚಪ್ಪಲಿ ಮೆಟ್ಟಿಕೊಂಡು ಸಿದ್ಧನಾಗಿದ್ದನಂತೆ.

"ಯಾವಾಗ ಕತ್ತರಿಸಿದ್ರಿ?"

"ನಿನ್ನೆ ಸಂಜೆ. ಅಳಿಲೂ ನನ್ನ ತಂಗಿಯೂ ಪೇಟೆಗೆ ಹೋಗಿದ್ರು."

"ಬೀಗ?"

"ಅದನ್ನೂ ನಾನೇ ಒಡೆದೆ." ಅವನು ತನ್ನ ಅಂಗೈ ನೋಡಿಕೊಂಡ. ಹಗ್ಗ ಉಜ್ಜಿ ಉಜ್ಜಿ ಗೆರೆಗಳೇ ಅಳಿಸಿಹೋಗಿದ್ದ ಅಂಗೈ. "ಬೀಗ ಒಡೆಯೋದು ಹೊಳೀತು ಮೇಡಂ. ತುದಿ ಸುಡಬಾರದು ಅಂತ ಹೊಳೀಲಿಲ್ಲ. ಕೈ ತಾನೇ ಮಾಡಿಬಿಡ್ತು."

"ಯಾಕೆ?"

"ಅವನು ಮರದ ಮೇಲೆ ಇದ್ದೂ ಇರಲ್ಲ ಮೇಡಂ."

"ಅಂದ್ರೆ?"

"ಇರ್ತಾನೆ, ಇದ್ದಕ್ಕಿದ್ದ ಹಾಗೆ ಇರಲ್ಲ. ಕಣ್ಣು ತೆರೆದೇ ಇರುತ್ತೆ. ಬಾಯಿ ಏನೋ ಅಗಿದ ಹಾಗೆ ಆಡುತ್ತೆ. ಎಡಗೈ ಹೆಬ್ಬೆಟ್ಟು ಬೆರಳುಗಳನ್ನ ಉಜ್ಜುತ್ತೆ, ನಾಣ್ಯ ಪರೀಕ್ಷೆ ಮಾಡೋರ ಹಾಗೆ. ಕೂಗಿದ್ರೆ ಕೇಳಲ್ಲ. ಒಂದಿಷ್ಟು ಹೊತ್ತು, ಅಷ್ಟೇ. ಆಮೇಲೆ ಏನೂ ಆಗದೋರ ಹಾಗೆ ಗರಗಸ ಎತ್ಕೋತಾನೆ."

"ಎಷ್ಟು ಸಲ ನೋಡಿದ್ದೀರಿ?"

"ಮೊದಲ್ನೇ ಸಲ ಸುಧಾರಿಸ್ಕೋತಿದ್ದಾನೆ ಅಂದ್ಕೊಂಡೆ. ಎರಡ್ನೇ ಸಲ ಗರಗಸ ಓಡ್ತಾ ಇತ್ತು. ಹೋದ ತಿಂಗಳು ಒಂದು ಕೊಂಬೆಯಿಂದ ಇನ್ನೊಂದಕ್ಕೆ ದಾಟ್ತಿದ್ದ. ದಾಟುವಾಗ ಕೊಕ್ಕೆ ಬಿಚ್ಚಿ ಆಚೆ ಹಾಕ್ಕೋಬೇಕು. ಬಿಚ್ಚಿದ. ಹಾಕ್ಕೊಳ್ಳಲಿಲ್ಲ. ಹಾಗೇ ನಿಂತುಬಿಟ್ಟ." ಗೂಟನ ಮುಷ್ಟಿಗಳು ಇಲ್ಲದ ಹಗ್ಗವನ್ನು ಹಿಡಿದವು. "ನಾನು ಕೂಗಲಿಲ್ಲ. ಬೆಚ್ಚಿಬಿದ್ರೆ ಏನು ಗತಿ? ಕೈಲಿ ಹಗ್ಗ ಇದೆ, ಹಗ್ಗದ ಆ ತುದೀಲಿ ಅವನಿಲ್ಲ. ಸುಮ್ಮನೆ ನಿಂತಿದ್ದೆ."

"ಅವರಿಗೆ ಹೇಳಲಿಲ್ವಾ?"

"ಹೇಳಿದೆ. ನಕ್ಕ. ಮತ್ತೆ ಹೇಳಿದೆ, ಸಿಟ್ಟು ಬಂತು. ನಾನು ಮೊದಲು ಹತ್ತುತ್ತಿದ್ದೆ ಮೇಡಂ. ಒಂದು ಸಲ ಬಿದ್ದೆ, ಎದೆಗಾರಿಕೆ ಹೋಯ್ತು. 'ನಿನಗೆ ಹೋಯ್ತು ಅಂತ ನನಗೂ ಹೋಗ್ಲಿ ಅಂತೀಯಾ ಭಾವ' ಅಂದ."

"ಕೆಲಸ ಬಿಟ್ಟು ಹೋಗಬಹುದಿತ್ತು."

"ನಾನು ಬಿಟ್ರೆ ಅವನು ಬೇರೆ ಯಾರನ್ನಾದ್ರೂ ಕರ್ಕೊಂಡು ಹತ್ತುತ್ತಾನೆ. ಆ ಬೇರೆಯವನಿಗೆ ಏನು ಗೊತ್ತಿರುತ್ತೆ?"

ಇಷ್ಟು ವರ್ಷದ ನೌಕರಿಯಲ್ಲಿ ಇನ್‌ಸ್ಪೆಕ್ಟರ್‌ಗೆ ತಪ್ಪೊಪ್ಪಿಗೆ ಕೇಳುವ ಅಭ್ಯಾಸವಿತ್ತು. ಒಪ್ಪಿಕೊಂಡವನು ಒಂದೋ ಅಳುತ್ತಾನೆ, ಇಲ್ಲವೇ ಹಗುರಾಗುತ್ತಾನೆ. ಇವನಲ್ಲಿ ಎರಡೂ ಕಾಣಲಿಲ್ಲ. "ಹೊಸ ಹಗ್ಗ ಬರೋಕೆ ಎಷ್ಟು ದಿನ ಬೇಕು ಮೇಡಂ?" ಎಂದು ಕೇಳಿದ. ಅವಳಿಗೆ ಗೊತ್ತಿರಲಿಲ್ಲ. ನಾಲ್ಕೂ ಮುಕ್ಕಾಲಿಗೆ ದಸ್ತಗಿರಿ ಮಾಡಿದಳು.

ಸುದ್ದಿ ತಿಳಿದು ಅಳಿಲು ಓಡಿ ಬಂದ. ಲಾಕಪ್ಪಿನ ಸರಳುಗಳ ಆಚೆ ಭಾವ ಗೋಡೆಗೆ ಒರಗಿ ಕೂತಿದ್ದ. ಬೈಯುತ್ತಾನೆ ಎಂದು ದಫೇದಾರರು ಮಧ್ಯೆ ಬಂದು ನಿಂತರು. ಅವನು ಬೈಯಲಿಲ್ಲ.

"ನೀನಾ ಭಾವ?"

"ಹೂಂ."

"ಕ್ರೇನಿನವನು ಆಗಿದ್ರೆ ಬಿಟ್ಟುಬಿಡ್ತಿದ್ದೆ ಕಣೋ," ಎಂದ ಅಳಿಲು. "ಹನ್ನೆರಡು ವರ್ಷ ನಿನ್ನ ಕೈಗೆ ನನ್ನ ಜೀವ ಕೊಟ್ಟು ಹತ್ತಿದ್ದೀನಿ. ಕೆಳಗೆ ನೋಡ್ತಾನೂ ಇರಲಿಲ್ಲ." ಇನ್‌ಸ್ಪೆಕ್ಟರ್ ಕಡೆ ತಿರುಗಿದ. "ಕೇಸು ನಡೀಲಿ ಮೇಡಂ. ನಾನು ವಾಪಸ್ ತಗೊಳ್ಳಲ್ಲ."

"ಅವರು ಹೇಳೋದು ನಿಜ ಆಗಿದ್ರೆ?"

"ನಿಜ ಆಗಿದ್ರೆ ನನಗೆ ಗೊತ್ತಾಗಲ್ವಾ? ನನಗಾಗೋದು ನನಗೇ ಗೊತ್ತಿಲ್ಲ, ಇವನಿಗೆ ಗೊತ್ತು!"

ಅವನು ಸುಳ್ಳಾಡುತ್ತಿರಲಿಲ್ಲ. ಕಷ್ಟವಿದ್ದದ್ದೇ ಅಲ್ಲಿ. ಸುಳ್ಳು ಹೇಳುವವನ ಬಾಯಿ ಬಿಡಿಸಲು ಪೊಲೀಸರಿಗೆ ನೂರೆಂಟು ದಾರಿಗಳಿವೆ. ತನಗೆ ತಿಳಿಯದ್ದನ್ನು ಇಲ್ಲ ಎನ್ನುವವನ ಮುಂದೆ ಒಂದೂ ಇಲ್ಲ.

ಮರುದಿನ ಬೆಳಿಗ್ಗೆ ಅಣ್ಣನಿಗೆ ಬಟ್ಟೆ ಕೊಡುವ ನೆಪದಲ್ಲಿ ಅಳಿಲಿನ ಹೆಂಡತಿ ಬಂದಳು. ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಇನ್‌ಸ್ಪೆಕ್ಟರ್ ಎದುರು ಕುರ್ಚಿಯ ಅಂಚಿನಲ್ಲಿ ಕೂತಳು.

"ನೀವೇನಾದ್ರೂ ನೋಡಿದ್ದೀರಾ?"

ಅವಳು ಬಾಗಿಲ ಕಡೆ ನೋಡಿದಳು. "ಒಂದು ಸಲ. ನಲ್ಲಿ ಬಿಟ್ಕೊಂಡು ಕೈ ತೊಳೀತಿದ್ರು. ನೀರು ಹರೀತಾನೇ ಇತ್ತು. ನಾನೇ ಹೋಗಿ ನಿಲ್ಲಿಸಿದೆ. 'ಯಾಕೆ ನಿಲ್ಲಿಸಿದೆ' ಅಂತ ನನ್ನನ್ನೇ ಕೇಳಿದ್ರು."

"ಯಾರಿಗೂ ಹೇಳಲಿಲ್ಲ?"

"ಏನಂತ ಹೇಳಲಿ? ಅಣ್ಣ ಹೇಳ್ದಾಗ ನಾನೂ 'ನಿನಗೆ ಭ್ರಮೆ' ಅಂದೆ ಮೇಡಂ." ಅವಳು ಗಂಟನ್ನು ಬಿಗಿಯಾಗಿ ಹಿಡಿದುಕೊಂಡಳು. "ಅವರು ನೆಲದ ಮೇಲೆ ಇರೋದನ್ನ ನೀವು ನೋಡಿಲ್ಲ. ಮಳೆ ಬಂದು ಎರಡು ದಿನ ಮನೇಲಿ ಕೂತರೆ ಮೂರನೇ ದಿನ ಗೋಡೆ ಜೊತೆ ಜಗಳ ಆಡ್ತಾರೆ. ನೀವು ಕೇಳಿದ್ರಿ ಅಂತ ನಿಮಗೆ ಹೇಳಿದೆ. ಕೋರ್ಟಿನಲ್ಲಿ ಕೇಳಿದ್ರೆ ನಾನು ನೋಡಿಲ್ಲ ಅಂತೀನಿ. ಒಂದು ಕಡೆ ಗಂಡ, ಒಂದು ಕಡೆ ಅಣ್ಣ. ನನಗೆ ಬಿಸಿತುಪ್ಪ ಆಗಿದೆ, ನುಂಗೋಕೂ ಆಗಲ್ಲ, ಉಗುಳೋಕೂ ಆಗಲ್ಲ."

ಇನ್‌ಸ್ಪೆಕ್ಟರ್ ಅಳಿಲನ್ನು ಕರೆಸಿ, ಬೈದು, ಪುಸಲಾಯಿಸಿ, ಕೊನೆಗೆ ಪೇದೆಯನ್ನು ಜೊತೆಮಾಡಿ ನರರೋಗದ ಡಾಕ್ಟರ ಹತ್ತಿರ ಕಳಿಸಿದಳು. ತಲೆಗೆ ತಂತಿಗಳನ್ನು ಅಂಟಿಸಿ ಪರೀಕ್ಷೆ ಮಾಡಿದರು. ಎರಡು ದಿನ ಬಿಟ್ಟು ಅಳಿಲು ವರದಿಯನ್ನು ಗೆದ್ದವನ ಹಾಗೆ ಮೇಜಿನ ಮೇಲೆ ಹರಡಿದ. ಯಾವ ದೋಷವೂ ಕಂಡುಬಂದಿಲ್ಲ.

ಅವಳು ಡಾಕ್ಟರಿಗೆ ಫೋನು ಮಾಡಿದಳು.

"ಯಂತ್ರ ಇಟ್ಟಿದ್ದ ಹೊತ್ತಲ್ಲಿ ಏನೂ ಬಂದಿಲ್ಲ," ಎಂದರು ಡಾಕ್ಟರು.

"ಅಂದ್ರೆ ಕಾಯಿಲೆ ಇಲ್ಲ ಅಂತಾನಾ?"

"ಇಲ್ಲ ಅಂತ ಹೇಳೋಕಾಗಲ್ಲ. ಇದೆ ಅಂತಾನೂ ಹೇಳೋಕಾಗಲ್ಲ. ಆದಾಗ ಯಾರಾದ್ರೂ ನೋಡಿದ್ದಾರಾ?"

"ಒಬ್ಬರು ನೋಡಿದ್ದಾರೆ. ಅವರು ಲಾಕಪ್ಪಿನಲ್ಲಿದ್ರು, ಈಗ ಜೈಲಿನಲ್ಲಿದ್ದಾರೆ."

ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಡಾಕ್ಟರ ಮಾತನ್ನು ಕೇಳಿ ಫೋನು ಇಟ್ಟಾಗ ಅವಳಿಗೇ ಒಂದು ಸಂಶಯ ಹುಟ್ಟಿತು. ಗೂಟ ಹೇಳುವುದು ನಿಜವೇ? ಬಿದ್ದ ಭಯ ಅವನ ಕಣ್ಣಿನಲ್ಲೇ ಕೂತು, ಇಲ್ಲದ್ದನ್ನು ಕಾಣಿಸುತ್ತಿರಬಹುದಲ್ಲ? ತಂಗಿ ಅಣ್ಣನನ್ನು ಬಿಡಿಸಲು ನಲ್ಲಿಯ ಕತೆ ಕಟ್ಟಿರಲೂಬಹುದು. ಆ ರಾತ್ರಿ ಅವಳು ಈ ಸಂಶಯದಲ್ಲೇ ನೆಮ್ಮದಿಯಾಗಿ ನಿದ್ದೆ ಮಾಡಿದಳು.

ಮರುದಿನ ಹತ್ತೂವರೆಗೆ ಅಳಿಲು ಪೂರಕ ಹೇಳಿಕೆಗೆ ಸಹಿ ಮಾಡಲು ಬಂದ. ಬಹಳ ಖುಷಿಯಲ್ಲಿದ್ದ. ಹೊಸ ಹಗ್ಗ ಬಂದಿತ್ತು, ಹೊಸ ಪಟ್ಟಿ ಬಂದಿತ್ತು, ನಾಳೆಯೇ ಆಸ್ಪತ್ರೆಯ ಮರ. ದಫೇದಾರರು ಹೇಳಿಕೆ ಓದಿ ಹೇಳಿ, ಮೊಹರಿನ ಡಬ್ಬಿ ಹುಡುಕಲು ಬೀರುವಿನ ಕಡೆ ತಿರುಗಿದರು. ಅಳಿಲು ಪೆನ್ನು ತೆಗೆದುಕೊಂಡು ಹೆಸರಿನ ಮೊದಲ ಅಕ್ಷರ ಬರೆದ.

ಎರಡನೆಯ ಅಕ್ಷರ ಬರಲಿಲ್ಲ.

ಇನ್‌ಸ್ಪೆಕ್ಟರ್ ತಲೆ ಎತ್ತಿದಳು. ಅವನ ಕಣ್ಣು ಗೋಡೆಯ ಕಡೆಗಿತ್ತು, ಆದರೆ ಗೋಡೆಯನ್ನು ನೋಡುತ್ತಿರಲಿಲ್ಲ. ತುಟಿಗಳು ಮೆಲ್ಲಗೆ ಆಡುತ್ತಿದ್ದವು. ಮೇಜಿನ ಮೇಲೆ ಎಡಗೈಯ ಹೆಬ್ಬೆರಳು ಬೆರಳುಗಳನ್ನು ಒಂದೇ ಸಮನೆ ಉಜ್ಜುತ್ತಿತ್ತು. ಅವಳು ಅವನ ಹೆಸರು ಹಿಡಿದು ಕರೆದಳು. ಮೊದಲ ಬಾರಿಗೆ ಅವನ ನಿಜವಾದ ಹೆಸರು. ಅವನು ಅಲ್ಲಿರಲಿಲ್ಲ. ಎರಡಡಿ ಎತ್ತರವೂ ಇಲ್ಲದ ಕುರ್ಚಿಯಲ್ಲಿ ಕೂತವನನ್ನು ನೋಡಿ ಅವಳ ಅಂಗಾಲು ಜುಮ್ಮೆಂದಿತು.

ಆಮೇಲೆ ಪೆನ್ನು ಚಲಿಸಿತು. ಎರಡನೆಯ ಅಕ್ಷರ, ಮೂರನೆಯದು, ಕೆಳಗೊಂದು ಗೆರೆ.

"ಇನ್ನೆಲ್ಲಿ ಸಹಿ ಮಾಡಬೇಕು?"

"ಈಗ ನಿಮಗೆ ಆಯ್ತು," ಎಂದಳು ಅವಳು.

"ಏನಾಯ್ತು?"

"ಭಾವ ಹೇಳಿದ್ದು. ಈಗ, ಇಲ್ಲೇ. ನಾನು ಕರೆದೆ, ನಿಮಗೆ ಕೇಳಿಸಲಿಲ್ಲ."

ಅವನು ಅವಳನ್ನು ನೋಡಿದ, ದಫೇದಾರರನ್ನು ನೋಡಿದ. ಡಬ್ಬಿ ಹಿಡಿದು ತಿರುಗಿ ನಿಂತಿದ್ದ ದಫೇದಾರರು ಏನೂ ತಿಳಿಯದೆ ಕಣ್ಣು ಪಿಳುಕಿಸಿದರು. ಅಳಿಲು ನಕ್ಕುಬಿಟ್ಟ. ಆ ನಗುವಿನಲ್ಲಿ ಕೊಂಕಿರಲಿಲ್ಲ, ಮಗುವಿಗೆ ಸಮಾಧಾನ ಹೇಳುವವರ ನಗು ಅದು. "ನಿಮಗೂ ತಲೆ ತುಂಬಿಬಿಟ್ನಾ ಮೇಡಂ ನಮ್ಮ ಭಾವ?"

ಠಾಣೆಯ ಕ್ಯಾಮೆರಾದಲ್ಲಿ ಎಲ್ಲ ದಾಖಲಾಗಿತ್ತು. ಅವಳು ಅದನ್ನು ಅವನಿಗೆ ತೋರಿಸಿದಳು. ಮೇಲಿನಿಂದ ತೆಗೆದ ಮಸುಕು ಚಿತ್ರದಲ್ಲಿ ಒಬ್ಬ ಮನುಷ್ಯ ಪೆನ್ನು ಹಿಡಿದು ಸುಮ್ಮನೆ ಕೂತಿದ್ದ. ಬೆನ್ನು, ತಲೆ, ಬಲಗೈ ಕಾಣುತ್ತಿದ್ದವು. ಮುಖವೂ ಎಡಗೈಯೂ ಕಾಣುತ್ತಿರಲಿಲ್ಲ.

"ಯೋಚನೆ ಮಾಡ್ತಿದ್ದೀನಿ," ಎಂದ ಅಳಿಲು. "ಭಾವನ ಮೇಲೆ ಸಹಿ ಹಾಕೋದು ಅಂದ್ರೆ ಕೈ ಹಿಂಜರಿಯಲ್ವಾ?"

ಅದನ್ನು ನೋಡಿದ ಯಾರೇ ಆದರೂ ಹಾಗೆಯೇ ಹೇಳುತ್ತಿದ್ದರು. ಅವಳು ಆ ಚಿತ್ರವನ್ನು ಡಾಕ್ಟರಿಗೆ ಕಳಿಸಿದಳು. ಮತ್ತೆ ಬಂದರೆ ಇನ್ನೊಮ್ಮೆ ಪರೀಕ್ಷೆ ಮಾಡೋಣ, ಅಲ್ಲಿಯವರೆಗೆ ಎತ್ತರ ಹತ್ತದಿರುವುದು ಒಳ್ಳೆಯದು ಎಂದು ಅವರೂ ಹೇಳಿದರು. ಅಳಿಲು ಮತ್ತೆ ಹೋಗಲಿಲ್ಲ. ಮರ ಹತ್ತಿ ಕಡಿಯುವ ಪರವಾನಗಿ ಕೊಡುವ ಕಚೇರಿಗೆ ಅವಳು ಖುದ್ದಾಗಿ ಹೋದಳು. ಅಲ್ಲಿನ ಅಧಿಕಾರಿ ಕಡತ ತೆಗೆದು, ಅಳಿಲು ಆಗಲೇ ಕೊಟ್ಟಿದ್ದ ಡಾಕ್ಟರ ವರದಿಯ ನಕಲನ್ನು ತೋರಿಸಿದ. ದೋಷವಿಲ್ಲ ಎಂದು ಬರೆದಿರುವಾಗ ತಾನು ಯಾವ ಆಧಾರದ ಮೇಲೆ ತಡೆಯಲಿ ಎಂದು ಅವನು ಸೌಜನ್ಯದಿಂದಲೇ ಕೇಳಿದ. "ನಾನೇ ಕಣ್ಣಾರೆ ನೋಡಿದ್ದೀನಿ," ಎಂದಳು ಅವಳು. ಅದೇ ಮಾತನ್ನು ಗೂಟ ಎಷ್ಟು ಜನರ ಮುಂದೆ ಹೇಳಿರಬಹುದು ಎಂದು ಮೆಟ್ಟಿಲು ಇಳಿಯುವಾಗ ಅವಳಿಗನ್ನಿಸಿತು.

ಕೊಲೆ ಯತ್ನದ ಕಲಮನ್ನು ಕೈಬಿಟ್ಟು, ಬೀಗ ಒಡೆದು ಸೊತ್ತು ಹಾಳುಮಾಡಿದ ಕಲಮು ಮಾತ್ರ ಉಳಿಸಿ ಅವಳು ನ್ಯಾಯಾಲಯಕ್ಕೆ ವರದಿ ಸಲ್ಲಿಸಿದಳು. ಗೂಟನಿಗೆ ಜಾಮೀನು ಸಿಕ್ಕಿತು. ಷರತ್ತು ಒಂದೇ. ಪ್ರಕರಣ ಮುಗಿಯುವವರೆಗೆ ಆರೋಪಿ ಫಿರ್ಯಾದಿಯ ಮನೆಯ ಹತ್ತಿರವಾಗಲಿ, ಅವನು ಕೆಲಸ ಮಾಡುವ ಜಾಗದ ಹತ್ತಿರವಾಗಲಿ ಸುಳಿಯಕೂಡದು. ಇಂಥ ಪ್ರಕರಣಗಳಲ್ಲಿ ಯಾವಾಗಲೂ ಹಾಕುವ ಷರತ್ತು ಅದು. ಎಷ್ಟೋ ಬಾರಿ ಅವಳೇ ಕೇಳಿ ಹಾಕಿಸಿದ್ದಳು.

ನ್ಯಾಯಾಲಯದ ಹೊರಗಿನ ಕಟ್ಟೆಯ ಮೇಲೆ ಗೂಟ ಬಟ್ಟೆಯ ಗಂಟು ಹಿಡಿದು ಕೂತಿದ್ದ.

"ಮೇಡಂ, ಹಾಗಾದ್ರೆ ಕೆಳಗೆ ಯಾರು ನಿಲ್ತಾರೆ?"

"ಹೊಸಬ ಒಬ್ಬನ್ನ ಇಟ್ಕೊಂಡಿದ್ದಾರಂತೆ."

"ಅವನಿಗೆ ಹಗ್ಗ ನೋಡು ಅಂತ ಹೇಳ್ಕೊಟ್ಟಿರ್ತಾನೆ. ಎಲ್ಲರೂ ಹಾಗೇ ಹೇಳ್ಕೊಡೋದು. ಹಗ್ಗ ನೋಡಬೇಡ, ಮುಖ ನೋಡು ಅಂತ ನೀವು ಹೇಳಿ. ಆದಾಗ ಕೂಗಬಾರದು. ಹಗ್ಗ ಬಿಗಿಯಾಗಿ ಹಿಡ್ಕೊಂಡು ಕಾಯಬೇಕು. ಕಾಯೋದು ಬಿಟ್ರೆ ಬೇರೆ ಏನೂ ಇಲ್ಲ. ಹೇಳ್ತೀರಲ್ಲ?"

"ಹೇಳ್ತೀನಿ."

ಅವಳು ಚಾಲಕನಿಗೆ ಜೀಪು ತಿರುಗಿಸಲು ಹೇಳಿ ನೇರ ಆಸ್ಪತ್ರೆಯ ಹಿಂದಿನ ಓಣಿಗೆ ಹೋದಳು. ಮುದಿ ಮರದ ಅರ್ಧ ಆಗಲೇ ಬೋಳಾಗಿತ್ತು. ಹೊಸಬ ಒಳ್ಳೆಯ ಆಳು, ಹಗ್ಗವನ್ನು ಎರಡು ಸುತ್ತು ಹಿಡಿದು ಕಾಲು ಊರಿ ನಿಂತಿದ್ದ. ಅವಳು ಅವನ ಪಕ್ಕಕ್ಕೆ ಹೋಗಿ ಗೂಟ ಹೇಳಿದ್ದನ್ನೆಲ್ಲ ಹೇಳಿದಳು.

"ಆಯ್ತು ಮೇಡಂ," ಎಂದು ಹೊಸಬ ಮೇಲೆ ನೋಡಿದ. "ಆದ್ರೆ ಮುಖ ಎಲ್ಲಿ ಕಾಣುತ್ತೆ?"

ನಿಜ. ಎಲೆಗಳ ಮಧ್ಯೆ ಕಿತ್ತಳೆ ಹೆಲ್ಮೆಟ್ಟಿನ ಒಂದು ಚೂರು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಹನ್ನೆರಡು ವರ್ಷ ಕತ್ತೆತ್ತಿ ನಿಂತವನಿಗೆ ಎಲೆಯ ಸಂದಿಯಲ್ಲಿ ಮುಖ ಕಂಡಿರಬೇಕು.

"ಏನ್ ಮೇಡಂ, ತನಿಖೆ ಇನ್ನೂ ಮುಗೀಲಿಲ್ವಾ?" ಎಂದು ಮೇಲಿನಿಂದ ಅಳಿಲು ಕೂಗಿದ. "ಸ್ವಲ್ಪ ದೂರ ನಿಲ್ಲಿ, ಕೊಂಬೆ ಬರ್ತಾ ಇದೆ!"

ಅವಳು ದೂರ ನಿಂತಳು. ಗರಗಸ ಮೊರೆಯಿತು, ನಿಂತಿತು. ಮತ್ತೆ ಶುರುವಾಗಲಿಲ್ಲ. ಹೊಸಬ ಅಭ್ಯಾಸದಂತೆ ಹಗ್ಗದ ಕಡೆ ನೋಡಿದ. ಕೂಗಬಾರದು ಎಂದು ಅವಳು ತುಟಿ ಕಚ್ಚಿ ಹಿಡಿದಳು. ಅಷ್ಟರಲ್ಲಿ ಗರಗಸ ಮತ್ತೆ ಮೊರೆಯಿತು, ಕೊಂಬೆ ಮೆಲ್ಲಗೆ ಕೆಳಗಿಳಿಯಿತು. ಈ ನಡುವೆ ಮೇಲೆ ಏನಾದರೂ ಆಯಿತೋ, ಏನೂ ಆಗಲಿಲ್ಲವೋ, ಕೆಳಗಿದ್ದವರಿಗೆ ತಿಳಿಯಲಿಲ್ಲ. ಜೀಪಿನ ವೈರ್‌ಲೆಸ್ ಕರೆಯಿತು. ಪೇಟೆಯಲ್ಲಿ ಎರಡು ವಾಹನ ಡಿಕ್ಕಿ, ಜನ ಸೇರಿದ್ದಾರೆ. ಚಾಲಕ ಅವಳ ಮುಖ ನೋಡಿದ. ಅವಳು ಇನ್ನೊಮ್ಮೆ ಮೇಲೆ ನೋಡಿ ಜೀಪು ಹತ್ತಿದಳು.

ಸಂಜೆ ಆರೂ ಕಾಲಿಗೆ ಠಾಣೆಯ ಫೋನು ಬಡಿದುಕೊಂಡಿತು. ಅಳಿಲಿನ ಹೆಂಡತಿ. "ಇಳಿದ್ರು," ಎಂದಳು, ಅಷ್ಟೇ ಹೇಳಿ ಇಟ್ಟಳು. ದಫೇದಾರರು ಅಂಗಿಯ ಜೇಬಿನಿಂದ ತಮ್ಮ ಫೋನು ತೆಗೆದು, ಊರಾಚೆ ಗೆಳೆಯನ ಮನೆಯಲ್ಲಿದ್ದ ಗೂಟನಿಗೆ ಅದೇ ಒಂದು ಮಾತನ್ನು ದಾಟಿಸಿದರು. ಅದು ಅವರ ಕೆಲಸವಲ್ಲ, ಯಾರೂ ಹೇಳಿಯೂ ಇರಲಿಲ್ಲ.

ಇನ್‌ಸ್ಪೆಕ್ಟರ್ ಆರೋಪಪಟ್ಟಿ ಬರೆಯುತ್ತಿದ್ದಳು. ಕೃತ್ಯದ ಉದ್ದೇಶ ಎಂಬಲ್ಲಿಗೆ ಬಂದು ಬಹಳ ಹೊತ್ತು ಪೆನ್ನು ಹಿಡಿದು ಕೂತಳು. ಕೊನೆಗೆ ಬರೆದಳು: ಫಿರ್ಯಾದಿ ಬೀಳುವುದನ್ನು ಕೆಳಗೆ ನಿಂತು ನೋಡಲು ಆರೋಪಿಯಿಂದ ಸಾಧ್ಯವಿರಲಿಲ್ಲ.

ದಫೇದಾರರು ಹೆಗಲ ಮೇಲಿಂದ ಬಗ್ಗಿ ಓದಿದರು. "ಮೇಲಿನವರು ಇದನ್ನ ಒಪ್ಪಲ್ಲ ಮೇಡಂ. ಫಿರ್ಯಾದಿ ಬಿದ್ದೇ ಇಲ್ಲವಲ್ಲ ಅಂತಾರೆ."

"ಹೂಂ," ಎಂದಳು ಅವಳು. "ಬಿದ್ದಿಲ್ಲ."